ಹಬ್ಬಕ್ಕೊಂದು ಗೋಡೆ ಕೊಡಿ

ಕನ್ನಡ ರಾಜ್ಯೋತ್ಸವ ಸಮಿತಿಗಳ ಅಧ್ಯಕ್ಷರು, ಕಾರ್ಯದರ್ಶಿಗಳು, ಖಜಾಂಚಿಗಳಿಗೆ. ಯಾವ ಹುದ್ದೆಯೂ ಇಲ್ಲದೆ ಎಲ್ಲ ಕೆಲಸ ಮಾಡುವ ಹುಡುಗರಿಗೆ,



ನಿಮ್ಮ ಫ್ಲೆಕ್ಸ್‌ಗಳಿಗೆ ಡಿಸೈನ್ ಮಾಡಿಕೊಡುವವರಲ್ಲಿ ನಾನೂ ಒಬ್ಬ. ಅಕ್ಟೋಬರ್ ಕೊನೆಯ ವಾರ ಬಂತೆಂದರೆ ನನ್ನ ಫೋನಿಗೆ ನಿದ್ದೆಯಿಲ್ಲ. ರಾತ್ರಿ ಹನ್ನೊಂದಕ್ಕೆ ಒಂದು ರಾಶಿ ಫೋಟೋ ಬಂದು ಬೀಳುತ್ತವೆ. "ಅಣ್ಣಾ, ಎಲ್ಲರದೂ ಬರಬೇಕು. ಅಧ್ಯಕ್ಷರದು ಸ್ವಲ್ಪ ದೊಡ್ಡದಿರಲಿ. ಬೆಳಿಗ್ಗೆ ಆರಕ್ಕೆ ಕಟ್ಟಬೇಕು." ಫೋಟೋಗಳನ್ನೆಲ್ಲ ಕೂರಿಸಿ ಮುಗಿಸುವಷ್ಟರಲ್ಲಿ ಅಕ್ಷರಕ್ಕೆ ಉಳಿಯುವುದು ನಡುವಿನ ಒಂದು ಪಟ್ಟಿ. ಯಾವ ಹಬ್ಬ ಇರುವುದೇ ಭಾಷೆಯ ಹೆಸರಿನಲ್ಲೋ ಆ ಹಬ್ಬದ ಫಲಕದಲ್ಲಿ ಭಾಷೆಗೆ ಸಿಗುವ ಜಾಗ ಅಷ್ಟೇ.

ಇದನ್ನು ದೂರಾಗಿ ಬರೆಯುತ್ತಿಲ್ಲ. ನನ್ನ ಮನೆ ನಡೆಯುವುದೇ ಈ ಕೆಲಸದಿಂದ. ಕೈಯಿಂದ ಬರೆದದ್ದೆಲ್ಲ ಚಿನ್ನ, ಕಂಪ್ಯೂಟರಿನಲ್ಲಿ ಮಾಡಿದ್ದೆಲ್ಲ ಕಸ ಎಂದು ವಾದಿಸುವವರ ಸಾಲಿನಲ್ಲಿ ನಿಲ್ಲುವ ಆಸೆಯೂ ನನಗಿಲ್ಲ. ನಾನು ಹೇಳಬೇಕೆಂದಿರುವುದು ಬೇರೆ. ಕೈ ಮಾಡಬಲ್ಲ ಕೆಲಸವನ್ನು ನೀವು ಯಂತ್ರಕ್ಕೆ ಕೊಡುತ್ತಿದ್ದೀರಿ. ಯಂತ್ರವೊಂದೇ ಮಾಡಬಲ್ಲ ಕೆಲಸವನ್ನು ಅದಕ್ಕೆ ಕೊಡುತ್ತಲೇ ಇಲ್ಲ. ಎರಡನ್ನೂ ಅದಲುಬದಲು ಮಾಡಿ ಕೂತಿದ್ದೇವೆ. ಈ ಸಲದ ಸಭೆಯಲ್ಲಿ ಕಮಿಟಿಯ ಲೆಕ್ಕ ಓದುವ ಮುಂಚೆ ಇದನ್ನು ಹತ್ತು ನಿಮಿಷ ಓದಿಕೊಳ್ಳಿ ಎಂಬುದಷ್ಟೇ ವಿನಂತಿ.

ಮೊದಲು ಫ್ಲೆಕ್ಸ್ ಪರವಾಗಿ ನಾಲ್ಕು ಮಾತು. ಅದು ಗೆದ್ದದ್ದು ಮೋಸದಿಂದಲ್ಲ. ಮೊದಲೆಲ್ಲ ಒಂದು ಬ್ಯಾನರ್ ಬೇಕೆಂದರೆ ಬಟ್ಟೆ ತರಬೇಕು, ಅಂಚು ಹೊಲಿಸಬೇಕು, ಪೇಂಟರ್ ಅಂಗಡಿಯ ಮುಂದೆ ಎರಡು ದಿನ ಕಾಯಬೇಕು. ಮಳೆ ಬಂದರೆ ಮೂರು ದಿನ. ತಗಡಿನ ಬೋರ್ಡಾದರೆ ರೆಡ್ ಆಕ್ಸೈಡ್ ಬಳಿದು, ಒಣಗಿಸಿ, ಅದರ ಮೇಲೆ ಬಣ್ಣ, ಅದೂ ಒಣಗಿದ ಮೇಲೆ ಅಕ್ಷರ. ಫ್ಲೆಕ್ಸ್ ಬಂದಾಗ ಒಂದು ಗಂಟೆಯಲ್ಲಿ ಹತ್ತಡಿ ಬ್ಯಾನರು ಸುರುಳಿ ಸುತ್ತಿಕೊಂಡು ಕೈಗೆ ಬಂತು. ಫೋಟೋ ಹಾಕಬಹುದು, ಕಡೇ ಗಳಿಗೆಯಲ್ಲಿ ಹೆಸರು ಸೇರಿಸಬಹುದು. ಊರ ಹುಡುಗನೊಬ್ಬ ತನ್ನ ಮುಖವನ್ನು ಸರ್ಕಲ್‌ನಲ್ಲಿ ನೋಡಿ ಹಿಗ್ಗಿದರೆ ಅದನ್ನು ಹೀಯಾಳಿಸುವ ಹಕ್ಕು ಯಾರಿಗೂ ಇಲ್ಲ. ಅದಕ್ಕೂ ಮುಂಚೆ ಅಷ್ಟು ದೊಡ್ಡ ಮುಖ ಇದ್ದದ್ದು ಸಿನಿಮಾ ನಟರಿಗೆ, ರಾಜಕಾರಣಿಗಳಿಗೆ ಮಾತ್ರ.

ಆದರೆ ಅದರ ಇನ್ನೊಂದು ಮಗ್ಗುಲೂ ನಿಮಗೆ ಗೊತ್ತು. ಫ್ಲೆಕ್ಸ್ ಅಂದರೆ ಪಾಲಿಯೆಸ್ಟರ್ ನೇಯ್ಗೆಗೆ ಅಂಟಿಸಿದ ಪಿವಿಸಿ. ಎರಡೂ ಬಿಡಿಸಲಾರದ ಹಾಗೆ ಅಂಟಿಕೊಂಡಿರುವುದರಿಂದ ಮರುಬಳಕೆಗೆ ಸುಲಭದಲ್ಲಿ ಒಗ್ಗುವುದಿಲ್ಲ; ಸುಟ್ಟರೆ ವಿಷದ ಹೊಗೆ. ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಚೀಲಗಳ ಜತೆಗೆ ಫ್ಲೆಕ್ಸನ್ನೂ ನಿಷೇಧಿಸಿತು. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಬೆಂಗಳೂರು ಪಾಲಿಕೆಗೆ ಚಾಟಿ ಬೀಸಿದಾಗ ನಗರದ ಫ್ಲೆಕ್ಸ್‌ಗಳು ರಾತ್ರೋರಾತ್ರಿ ಇಳಿದವು. ಆಮೇಲೆ ಮತ್ತೆ ಏರಿದವು. ನವೆಂಬರ್ 1ಕ್ಕೆ ಕಟ್ಟಿದ್ದು ನವೆಂಬರ್ 2ಕ್ಕೆ ಹಳತು. ಅದೃಷ್ಟ ಇದ್ದರೆ ಯಾರದೋ ಕೊಟ್ಟಿಗೆಯ ಮಾಡಿಗೆ ಹೊದಿಕೆಯಾಗುತ್ತದೆ, ಇಲ್ಲದಿದ್ದರೆ ಚರಂಡಿ ಕಟ್ಟುತ್ತದೆ.

ಪರಿಸರದ ಮಾತನ್ನು ಇಲ್ಲಿಗೇ ಬಿಡುತ್ತೇನೆ, ನನಗಿಂತ ಚೆನ್ನಾಗಿ ಹೇಳುವವರಿದ್ದಾರೆ. ನನಗೆ ಗೊತ್ತಿರುವುದು ಅಕ್ಷರ.

"ಕನ್ನಡ ರಾಜ್ಯೋತ್ಸವ" ಎಂಬ ಎರಡು ಪದಗಳನ್ನೇ ತೆಗೆದುಕೊಳ್ಳಿ. ಮೇಲಿನ ಸಾಲಿನಲ್ಲಿ "ಕನ್ನಡ", ಕೆಳಗಿನ ಸಾಲಿನಲ್ಲಿ "ರಾಜ್ಯೋತ್ಸವ". ಮೇಲಿನ ನಕಾರಕ್ಕೆ ಒತ್ತು ಇದೆ, ಅದು ಕೆಳಗೆ ಇಳಿಯುತ್ತದೆ. ಕೆಳಗಿನ ಸಾಲಿನಲ್ಲಿ ಯಕಾರದ ಒತ್ತು, ಸಕಾರದ ಒತ್ತು, ಜೊತೆಗೆ ಓತ್ವದ ಏರು, ದೀರ್ಘ. ನಮ್ಮ ಲಿಪಿ ಹಾಗೆ: ಸಾಲಿನ ಮೇಲೆ ಒಂದು ಬದುಕು, ಕೆಳಗೆ ಇನ್ನೊಂದು ಬದುಕು. ಫಾಂಟ್ ಮಾಡುವವರಿಗೆ ಮುಂದಿನ ಸಾಲಿನಲ್ಲಿ ಯಾವ ಅಕ್ಷರ ಬರುತ್ತದೆಂದು ಗೊತ್ತಿರುವುದಿಲ್ಲ. "ರಾಷ್ಟ್ರ", "ಸ್ವಾತಂತ್ರ್ಯ" ಮೊದಲಾದ ಪದಗಳು ಎಲ್ಲಿ ಬಂದರೂ ಡಿಕ್ಕಿಯಾಗಬಾರದೆಂದು ಅವರು ಸಾಲುಗಳ ನಡುವೆ ಧಾರಾಳ ಜಾಗ ಬಿಡುತ್ತಾರೆ. ಪುಸ್ತಕಕ್ಕೆ ಇದು ಸರಿಯಾದ ಲೆಕ್ಕ. ಸರ್ಕಲ್‌ನಲ್ಲಿ ನಿಲ್ಲುವ ಬೋರ್ಡಿಗೆ ಅಲ್ಲ. ಅಲ್ಲಿ ಸಾಲುಗಳು ದೂರ ದೂರ ನಿಂತು, ನಡುವಿನ ಜಾಗ ಪೋಲಾಗಿ, ಅಕ್ಷರ ಸಣ್ಣದಾಗುತ್ತದೆ.

ಪೇಂಟರ್ ಇದನ್ನು ಹೇಗೆ ಮಾಡುತ್ತಾನೆ ನೋಡಿ. ದಾರಕ್ಕೆ ಸೀಮೆಸುಣ್ಣ ತಿಕ್ಕಿ, ಎರಡೂ ತುದಿ ಹಿಡಿದು ಮಿಡಿದು, ತಗಡಿನ ಮೇಲೆ ಗೆರೆ ಹಾಕಿಕೊಳ್ಳುತ್ತಾನೆ. ಅದರ ಮೇಲೆ ಸೀಮೆಸುಣ್ಣದಲ್ಲೇ ಅಕ್ಷರಗಳನ್ನು ಹಗುರಾಗಿ ಕೂರಿಸಿ, ಹಿಂದೆ ಸರಿದು, ರಸ್ತೆಯ ಆಚೆ ಬದಿಗೆ ಹೋಗಿ ನೋಡುತ್ತಾನೆ. ಮೇಲಿನ ಒತ್ತು ಕೆಳಗಿನ ಎರಡು ಅಕ್ಷರಗಳ ಸಂದಿಯಲ್ಲಿ ಇಳಿಯುವ ಹಾಗೆ ಸಾಲನ್ನು ಒಂದಿಷ್ಟು ಸರಿಸುತ್ತಾನೆ. ಕೆಳಗಿನ ಕೊಂಬೋ ದೀರ್ಘವೋ ಅಡ್ಡ ಬಂದರೆ ಅದನ್ನು ಮೊಟಕು ಮಾಡುತ್ತಾನೆ. ಕೊನೆಯ ಅಕ್ಷರಕ್ಕೆ ಜಾಗ ಉಳಿದರೆ ಅದರ ಬಾಲವನ್ನು ಎಳೆದು ಪದದ ಕೆಳಗೆ ಗೆರೆಯಾಗಿಸುತ್ತಾನೆ. ಎರಡು ಸಾಲುಗಳು ಬೆರಳು ಹೆಣೆದ ಹಾಗೆ ಒಂದರೊಳಗೊಂದು ಕೂರುತ್ತವೆ. ಅಷ್ಟೇ ತಗಡಿನಲ್ಲಿ ಅಕ್ಷರ ಎಷ್ಟೋ ದೊಡ್ಡದಾಗಿ, ದೂರದಿಂದ ಓದುವ ಹಾಗೆ ಆಗುತ್ತದೆ.

ಕಂಪ್ಯೂಟರಿನಲ್ಲಿ ಇದನ್ನು ಮಾಡಲು ಬರುವುದಿಲ್ಲವೆ? ಬರುತ್ತದೆ. ಕೋರೆಲ್‌ಡ್ರಾನಲ್ಲಿ ಪದವನ್ನು ಒಡೆದು, ಒತ್ತನ್ನು ಬೇರೆ ಮಾಡಿ, ಕೂದಲೆಳೆಯಷ್ಟು ಸರಿಸಬಹುದು. ಆದರೆ ರಾತ್ರಿ ಹನ್ನೊಂದಕ್ಕೆ ಬಂದ ಆರ್ಡರಿನಲ್ಲಿ ಅದಕ್ಕೆ ಸಮಯ ಎಲ್ಲಿಂದ ತರಲಿ? ಕುಂಚದ ಕೆಲಸ ನೋಡದೆ ಮುಂದೆ ಸಾಗುವುದಿಲ್ಲ; ಮೌಸಿನ ಕೆಲಸ ನೋಡದೆಯೂ ಸಾಗುತ್ತದೆ. ವ್ಯತ್ಯಾಸ ಇರುವುದು ಅಲ್ಲಿ. ಇನ್ನೊಂದು ಉದಾಹರಣೆ ಕೊಡುತ್ತೇನೆ. "ಹೆಸರು ಇನ್ನೂ ಅಗಲ ಮಾಡಿ" ಎನ್ನುತ್ತೀರಿ. ನಾನು ಪಕ್ಕದ ಅಂಚು ಹಿಡಿದು ಎಳೆಯುತ್ತೇನೆ. ನಿಂತ ಗೆರೆಗಳೆಲ್ಲ ದಪ್ಪವಾಗುತ್ತವೆ, ಮಲಗಿದ ಗೆರೆಗಳು ಹಾಗೇ ತೆಳ್ಳಗೆ ಉಳಿಯುತ್ತವೆ, ತಲೆಕಟ್ಟು ಚಪ್ಪಟೆಯಾಗುತ್ತದೆ, ದುಂಡನೆಯ ಅಕ್ಷರ ಮೇಲಿಂದ ತುಳಿದಂತೆ ಕಾಣುತ್ತದೆ. ಪೇಂಟರಿಗೆ ಅದೇ ಮಾತು ಹೇಳಿ. ಅವನು ದುಂಡನ್ನು ಅಗಲ ಮಾಡುತ್ತಾನೆ, ಗೆರೆಯ ದಪ್ಪ ಮಾತ್ರ ಒಂದೇ ಸಮ ಇಟ್ಟುಕೊಳ್ಳುತ್ತಾನೆ. ಯಾಕೆಂದರೆ ಗೆರೆಯ ದಪ್ಪ ಅವನ ಕುಂಚದ್ದು.

ಇನ್ನು ಯಂತ್ರವೊಂದೇ ಮಾಡಬಲ್ಲ ಕೆಲಸಕ್ಕೆ ಬರುತ್ತೇನೆ.

ಕನ್ನಡ ಕಂಪ್ಯೂಟರಿಗೆ ಹತ್ತಿದ್ದು ತಾನಾಗಿ ಅಲ್ಲ. ಕೆ.ಪಿ. ರಾವ್ ಅವರು ಕನ್ನಡದ ಉಚ್ಚಾರಕ್ಕೆ ಹೊಂದುವ ಕೀಲಿಮಣೆಯ ವಿನ್ಯಾಸ ಕೊಟ್ಟರು. ಶೇಷಾದ್ರಿವಾಸು ಅವರ "ಬರಹ" 1998ರಲ್ಲಿ ಬಂದು ಸಾವಿರಾರು ಜನರ ಮನೆಯ ಕಂಪ್ಯೂಟರಿಗೆ ಕನ್ನಡ ತಂದಿತು. ಕನ್ನಡ ಗಣಕ ಪರಿಷತ್ತು "ನುಡಿ" ಕೊಟ್ಟಿತು. 1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಇತ್ತು, ಆದರೆ ನಾವು ಅದನ್ನು ಮನಸಾರೆ ಬಳಸಲು ಬಹಳ ಕಾಲ ಹಿಡಿಯಿತು. ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಪತ್ರವನ್ನು ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು ಕಾಣುತ್ತಿದ್ದುದು ನಿಮಗೂ ನೆನಪಿರಬೇಕು. ಯೂನಿಕೋಡ್‌ನಲ್ಲಿ ಬರೆದ ಕನ್ನಡ ಯಾವ ಫೋನಿನಲ್ಲಾದರೂ ಕನ್ನಡವಾಗಿಯೇ ತೆರೆಯುತ್ತದೆ. ಹುಡುಕಿದರೆ ಸಿಗುತ್ತದೆ. ಒಂದು ಸಾಲು ಎತ್ತಿ ಇನ್ನೊಬ್ಬರಿಗೆ ಕಳಿಸಬಹುದು. ಕಣ್ಣು ಕಾಣದವರ ಫೋನು ಅದನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಕುಂಚದಿಂದ ಇದ್ಯಾವುದೂ ಆಗದು. ಎಷ್ಟೇ ದೊಡ್ಡ ಕಲಾವಿದನಿಂದಲೂ ಆಗದು.

ಆದರೆ ನೀವು ಮಾಡುತ್ತಿರುವುದೇನು? ಹಬ್ಬದ ಆಮಂತ್ರಣವನ್ನು ನನ್ನಿಂದ ಚಿತ್ರವಾಗಿ ಮಾಡಿಸಿ ವಾಟ್ಸಾಪಿನಲ್ಲಿ ಹರಿಯಬಿಡುತ್ತೀರಿ. ಅದರಲ್ಲಿ ಧ್ವಜಾರೋಹಣ ಎಷ್ಟು ಗಂಟೆಗೆ ಎಂಬುದು ವಾಟ್ಸಾಪಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಊರಿನ ಅಂಧ ಮಾಸ್ತರರ ಫೋನು "ಚಿತ್ರ" ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಕಳೆದ ವರ್ಷದ ಸನ್ಮಾನಿತರ ಪಟ್ಟಿ ಬೇಕೆಂದರೆ ಯಾರ ಗ್ಯಾಲರಿಯಲ್ಲೋ ಹೂತ ಒಂದು ಮಸುಕು ಚಿತ್ರ ಹುಡುಕಬೇಕು. ಅಂದರೆ ಅಕ್ಷರವನ್ನು ಮಾಹಿತಿಯಾಗಿ ಬಳಸಬೇಕಾದ ಕಡೆ ಚಿತ್ರ ಮಾಡಿದ್ದೀರಿ. ಚಿತ್ರವಾಗಿ ಬಿಡಿಸಬೇಕಾದ ಕಡೆ, ಅಂದರೆ ಊರ ನಡುವಿನ ಬೋರ್ಡಿನಲ್ಲಿ, ಟೈಪು ಮಾಡಿಸಿದ್ದೀರಿ. ನಾನು ಅದಲುಬದಲು ಎಂದದ್ದು ಇದನ್ನೇ.

ಕೈ ಮತ್ತು ಯಂತ್ರ ಹುಟ್ಟಾ ವೈರಿಗಳು ಎಂದು ಯಾರಾದರೂ ಹೇಳಿದರೆ ಮಂಗಳೂರಿನ ಕಡೆ ತೋರಿಸಿ. ಕನ್ನಡದ ಮೊದಲ ಪತ್ರಿಕೆ "ಮಂಗಳೂರ ಸಮಾಚಾರ"ವನ್ನು ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರತಂದದ್ದು ಕಲ್ಲಚ್ಚಿನಲ್ಲಿ. ಕಲ್ಲಚ್ಚು ಎಂದರೆ ಕೈಬರಹದ ಅಚ್ಚು. ಜಿಡ್ಡಿನ ಮಸಿಯಲ್ಲಿ ಬರೆದದ್ದು ಸುಣ್ಣಕಲ್ಲಿನ ಮೇಲೆ ಕೂರುತ್ತದೆ. ಕಲ್ಲನ್ನು ಒದ್ದೆ ಮಾಡಿದರೆ ಖಾಲಿ ಜಾಗ ನೀರು ಹಿಡಿಯುತ್ತದೆ, ಬರಹ ಮಾತ್ರ ಮಸಿ ಹಿಡಿಯುತ್ತದೆ. ಹಾಗೆ ಒಬ್ಬ ಬರಹಗಾರನ ಕೈ ನೂರಾರು ಪ್ರತಿಗಳಾಗಿ ಓದುಗರ ಮನೆ ಸೇರಿತು. ಆ ಕಾಲಕ್ಕೆ ಅದು ಹೊಸ ತಂತ್ರಜ್ಞಾನವೇ. ಅದು ಕೈಯನ್ನು ಮನೆಗೆ ಕಳಿಸಲಿಲ್ಲ, ಹೊತ್ತುಕೊಂಡು ಹೋಯಿತು.

ಈಗಲೂ ಅದು ಸಾಧ್ಯ. ದೆಹಲಿಯ ಹನೀಫ್ ಕುರೇಶಿ ಎಂಬ ಕಲಾವಿದರು ಉತ್ತರ ಭಾರತದ ಬೋರ್ಡ್ ಪೇಂಟರುಗಳಿಂದ ಅಕ್ಷರಮಾಲೆ ಬರೆಸಿ, ಅದನ್ನು ಫಾಂಟ್ ಆಗಿ ಮಾಡುವ ಕೆಲಸ ನಡೆಸಿದರು. ಆ ಫಾಂಟಿಗೆ ಬರೆದ ಪೇಂಟರಿನ ಹೆಸರನ್ನೇ ಇಟ್ಟರು. ಕನ್ನಡದಲ್ಲಿ ಇವತ್ತು ಬಿಟ್ಟಿಯಾಗಿ ಸಿಗುವ ಒಳ್ಳೆಯ ಫಾಂಟುಗಳಿವೆ: ಬಾಲೂ ತಮ್ಮ, ಬೆಣ್ಣೆ, ಹುಬ್ಬಳ್ಳಿ, ಅಕಾಯಾ ಕನ್ನಡಕ. ನೀವು ಯಾವತ್ತಾದರೂ ನನ್ನ ಬಳಿ ಕೂತು "ಈ ಫಾಂಟ್ ಬೇಡ, ಅದು ನೋಡೋಣ" ಎಂದದ್ದುಂಟೆ? ಡಿಜಿಟಲ್ ಅಕ್ಷರವೂ ಒಬ್ಬ ಮನುಷ್ಯ ವರ್ಷಗಟ್ಟಲೆ ಕೂತು ಬಿಡಿಸಿದ್ದೇ. ಕೈಯ ಕೆಲಸಕ್ಕೆ ಕಣ್ಣು ಮುಚ್ಚಿದವರು ಅದನ್ನೂ ಕಾಣುವುದಿಲ್ಲ.

ಈಗ ಹೊಸದೊಂದು ಬೇಡಿಕೆ ಶುರುವಾಗಿದೆ: "ಎಐನಲ್ಲಿ ಭುವನೇಶ್ವರಿ ಮಾಡಿಕೊಡಿ." ಮಾಡಿಕೊಡುತ್ತೇನೆ, ಎರಡು ನಿಮಿಷದ ಕೆಲಸ. ಮೈತುಂಬ ಒಡವೆ, ಹಿಂದೆ ಬಂಗಾರದ ಬೆಳಕು, ಇನ್ನೂ ಹಿಂದೆ ಎಲ್ಲಿಯೂ ಇಲ್ಲದ ಒಂದು ಗುಡಿ. ಆ ಚಿತ್ರದೊಳಗೇ ಕನ್ನಡ ಬರೆಯಲು ಹೇಳಿದರೆ ಒತ್ತಕ್ಷರ ಎಲ್ಲೋ ತೇಲುತ್ತದೆ, ಇಲ್ಲದ ಅಕ್ಷರವೊಂದು ಹುಟ್ಟುತ್ತದೆ. ಇದನ್ನೇ ಹಿಡಿದು ನಗುವವರಿದ್ದಾರೆ, ನಾನು ನಗುವುದಿಲ್ಲ. ಆ ತಪ್ಪು ದಿನೇ ದಿನೇ ಕಡಿಮೆಯಾಗುತ್ತಿದೆ, ನಾಳೆ ಪೂರ್ತಿ ಸರಿಹೋಗಬಹುದು. ನನ್ನ ತಕರಾರು ಸರಿಹೋದ ಮೇಲಿನದು. ಆ ಯಂತ್ರ ಕಲಿತಿರುವುದು ಬೇರೆಯವರು ಬಿಡಿಸಿದ ಚಿತ್ರಗಳ ರಾಶಿಯಿಂದ. ಹೆಚ್ಚು ಕಂಡದ್ದನ್ನೇ ಅದು ಹೆಚ್ಚು ಕೊಡುತ್ತದೆ. ಬೀದರಿನ ಸಮಿತಿ ಕೇಳಿದರೂ ಮಡಿಕೇರಿಯ ಸಮಿತಿ ಕೇಳಿದರೂ ಬರುವ ತಾಯಿ ಒಬ್ಬಳೇ, ಒಂದೇ ಮುಖ. ಜಿಲ್ಲೆಗೊಂದು ನುಡಿಯ ಬನಿ ಇರುವ ನಾಡಿನ ಹಬ್ಬಕ್ಕೆ ಇದು ಹೊಂದುವ ಮಾತೆ?

ಹೆಸರಿನ ಮಾತೂ ಇದೆ. ಬೇಲೂರಿನ ಮದನಿಕೆಯರ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿದ್ದಾರೆ. ಸೋಮನಾಥಪುರದ ಗುಡಿಯಲ್ಲಿ ಮಲ್ಲಿತಮ್ಮನ ಹೆಸರು ಎಷ್ಟೋ ಕಡೆ ಇದೆ. ದೊರೆಯ ಶಾಸನದ ಜತೆಗೆ ಕೆಲಸಗಾರನ ಹೆಸರೂ ಉಳಿದ ನಾಡು ಇದು. ಬೋರ್ಡ್ ಬರೆಯುವ ಪೇಂಟರೂ ಮೂಲೆಯಲ್ಲಿ ಪುಟ್ಟದಾಗಿ ತನ್ನ ಹೆಸರು ಹಾಕಿ, ಮುಂದೆ "ಆರ್ಟ್ಸ್" ಎಂದು ಸೇರಿಸುತ್ತಿದ್ದ. ಆ ಸಾಲನ್ನು ಎಷ್ಟು ಮುದ್ದಾಗಿ ಬರೆದಿದ್ದಾನೆಂದು ನೋಡಿ ಮುಂದಿನ ಗಿರಾಕಿ ಬರುತ್ತಿದ್ದ. ನಿಮ್ಮ ಫ್ಲೆಕ್ಸಿನಲ್ಲಿ ಶುಭಕೋರುವವರೆಲ್ಲರ ಹೆಸರಿದೆ, ಮಾಡಿದವರದಿಲ್ಲ. ಕೆಳಗಿರುವುದು ಪ್ರಿಂಟಿಂಗ್ ಯೂನಿಟ್ಟಿನ ಫೋನ್ ನಂಬರು.

ಇಷ್ಟೆಲ್ಲ ಈಗಲೇ ಹೇಳಲು ಕಾರಣವಿದೆ. 2024ರಲ್ಲಿ ತಿದ್ದುಪಡಿಯಾದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ ಪ್ರಕಾರ ಅಂಗಡಿ, ಕಚೇರಿಗಳ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಅದಕ್ಕಾಗಿ ನಿಮ್ಮಲ್ಲಿ ಹಲವರು ಬೀದಿಗಿಳಿದಿದ್ದಿರಿ. ಕಾನೂನು ಬಂತು. ಆದರೆ ಕಾನೂನು ಜಾಗ ಅಳೆಯುತ್ತದೆ, ಅಂದ ಅಳೆಯುವುದಿಲ್ಲ, ಅಳೆಯಲೂ ಬಾರದು. ಹಾಗಾಗಿ ಎಷ್ಟೋ ಅಂಗಡಿಯವರು ಇಂಗ್ಲಿಷ್ ಹೆಸರಿಗೆ ದುಡ್ಡು ಕೊಟ್ಟು ಬಿಡಿಸಿದ ಲಾಂಛನವನ್ನು ಹಾಗೇ ಇಟ್ಟುಕೊಂಡು, ಅದರ ಮೇಲೆ ಸಿಕ್ಕ ಫಾಂಟಿನ ಕನ್ನಡವನ್ನು ಎಳೆದು ಹಿಗ್ಗಿಸಿ ಸ್ಟಿಕರ್ ಅಂಟಿಸಿದ್ದಾರೆ. ದಂಡ ತಪ್ಪಿಸಿಕೊಳ್ಳಲು ಬರೆಸಿದ ಕನ್ನಡ ದಂಡದ ಹಾಗೇ ಕಾಣುತ್ತದೆ. ಅದನ್ನು ಆಸೆಪಟ್ಟು ಬರೆಸುವ ಹಾಗೆ ಮಾಡುವುದು ಸರ್ಕಾರದ ಕೈಲಾಗದು, ನಿಮ್ಮ ಕೈಲಾಗುತ್ತದೆ. ಯಾಕೆಂದರೆ ಊರಿನಲ್ಲಿ ವರ್ಷಕ್ಕೊಮ್ಮೆ ಎಲ್ಲರೂ ನೋಡುವ ಕನ್ನಡದ ಬೋರ್ಡು ನಿಮ್ಮದು. ನೀವು ಹೇಗೆ ಬರೆಸುತ್ತೀರೋ ಊರು ಹಾಗೆ ಬರೆಸುತ್ತದೆ.

ಆದ್ದರಿಂದ ನಾಲ್ಕು ಕೋರಿಕೆ.

ಮೊದಲನೆಯದು, ಈ ಸಲ ಫ್ಲೆಕ್ಸಿನ ಸಂಖ್ಯೆ ಅರ್ಧ ಮಾಡಿ, ಉಳಿದ ದುಡ್ಡಿನಲ್ಲಿ ಒಂದು ಗೋಡೆ ಬರೆಸಿ. ಶಾಲೆಯದೋ ಸೊಸೈಟಿಯದೋ ಬಸ್ ನಿಲ್ದಾಣದ್ದೋ. ಮಾಲೀಕರಿಂದ, ಪಂಚಾಯ್ತಿ ಇಲ್ಲವೆ ಪುರಸಭೆಯಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗವನ್ನು ಅನುಮತಿಯಿಲ್ಲದೆ ಕೆಡಿಸಬಾರದೆಂದು 1981ರ ಕಾಯ್ದೆಯೇ ಇದೆ. ಒಳ್ಳೆಯ ಬಣ್ಣದಲ್ಲಿ ಬರೆದ ಗೋಡೆ ಮುಂದಿನ ನವೆಂಬರಿಗೂ ಇರುತ್ತದೆ, ಅದರ ಮುಂದಿನದಕ್ಕೂ ಇರುತ್ತದೆ.

ಎರಡನೆಯದು, ಪೇಂಟರನ್ನು ಹುಡುಕಿ. "ಈಗೆಲ್ಲಿದ್ದಾರೆ ಅವರು?" ಎನ್ನಬೇಡಿ. 2009ರಲ್ಲಿ ಬೆಂಗಳೂರು ಪಾಲಿಕೆ ಗೋಡೆಗಳ ಮೇಲೆ ಚಿತ್ರ ಬರೆಸಲು ಹೊರಟಾಗ ಬಂದವರು ಫ್ಲೆಕ್ಸಿನಿಂದ ಕೆಲಸ ಕಳೆದುಕೊಂಡ ಇದೇ ಬೋರ್ಡ್, ಸಿನಿಮಾ ಬ್ಯಾನರ್ ಪೇಂಟರುಗಳು. ನಿಮ್ಮ ಊರಿನಲ್ಲೂ ಇದ್ದಾರೆ. ಅಂಗನವಾಡಿಯ ಗೋಡೆಯ ಮೇಲಿನ ನವಿಲು ಯಾರು ಬರೆದದ್ದು, ಲಾರಿಯ ಹಿಂದಿನ ಸಾಲು ಯಾರದ್ದು ಎಂದು ವಿಚಾರಿಸಿ. ಹಲವರು ಈಗ ಮನೆಗಳಿಗೆ ಬಣ್ಣ ಹೊಡೆಯುವ ಗುತ್ತಿಗೆಯಲ್ಲಿದ್ದಾರೆ. ಕರೆದಾಗ ಶಾಲು ಹೊದಿಸಿ ಕಳಿಸಬೇಡಿ. ಹಾರಕ್ಕಿಂತ ಮೊದಲು ಕೂಲಿ ಮಾತಾಡಿ, ಅರ್ಧ ಮುಂಗಡ ಕೊಡಿ, ಮೂಲೆಯಲ್ಲಿ ಹೆಸರು ಹಾಕಿಸಿ.

ಮೂರನೆಯದು, ಬರೆಯುವ ದಿನ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರಿಗೂ ಮಕ್ಕಳಿಗೂ ಹೇಳಿ ಕಳಿಸಿ. ದಾರ ಮಿಡಿಯುವುದು, ಒತ್ತಿಗೆ ಜಾಗ ಬಿಡುವುದು ನೋಡಿಯೇ ಕಲಿಯಬೇಕಾದವು. ಅವರಲ್ಲಿ ಯಾರಾದರೊಬ್ಬರು ಮುಂದೆ ಫಾಂಟ್ ಮಾಡುವವರಾದರೆ, ಅವರಿಗೆ ಈ ಒಂದು ಬೆಳಗಿನ ಪಾಠ ಉಪಯೋಗಕ್ಕೆ ಬರುತ್ತದೆ. ಬರೆದದ್ದನ್ನು ನೆಟ್ಟಗೆ ಎದುರಿಗೆ ನಿಂತು ಫೋಟೋ ತೆಗೆದಿಡಿ. ಪೇಂಟರು ಒಪ್ಪಿದರೆ ಇಡೀ ವರ್ಣಮಾಲೆ, ಕಾಗುಣಿತ, ಒತ್ತಕ್ಷರ ಬರೆಸಿ ಸ್ಕ್ಯಾನ್ ಮಾಡಿಸಿ. ಅದರಿಂದ ನಾಳೆ ಫಾಂಟ್ ಆದರೆ ಹೆಸರು ಮತ್ತು ಪಾಲು ಎರಡೂ ಅವರಿಗೆ ಸೇರಬೇಕೆಂದು ಮೊದಲೇ ಬರೆದುಕೊಳ್ಳಿ.

ನಾಲ್ಕನೆಯದು, ಆಮಂತ್ರಣವನ್ನು ಟೈಪು ಮಾಡಿ ಕಳಿಸಿ. ಚಿತ್ರ ಬೇಕೆಂದರೆ ಅದೂ ಇರಲಿ, ಕೆಳಗೆ ಅದೇ ಮಾತು ಯೂನಿಕೋಡ್ ಕನ್ನಡದಲ್ಲಿರಲಿ. ವರ್ಷ ವರ್ಷದ ಸನ್ಮಾನಿತರು, ಭಾಷಣಕಾರರು, ಖರ್ಚುವೆಚ್ಚ ಎಲ್ಲವನ್ನೂ ಒಂದೇ ಕಡತದಲ್ಲಿ ಸೇರಿಸುತ್ತ ಬನ್ನಿ. ಹತ್ತು ವರ್ಷ ಕಳೆದರೆ ಅದೇ ನಿಮ್ಮ ಊರಿನ ಕನ್ನಡದ ಚರಿತ್ರೆ.

ಇದರಿಂದ ನನಗೆ ನಷ್ಟವಲ್ಲವೆ ಎಂದು ನಿಮ್ಮ ಖಜಾಂಚಿಗಳು ಕೇಳಬಹುದು. ಅರ್ಧದಷ್ಟು ಫ್ಲೆಕ್ಸ್ ಕಡಿಮೆಯಾಗುತ್ತವೆ, ನಿಜ. ಆದರೆ ಒಳ್ಳೆಯ ಅಕ್ಷರ ನೋಡಿ ರೂಢಿಯಾದ ಊರಿನಲ್ಲಿ ಗಿರಾಕಿ ನನಗೂ ಸಮಯ ಕೊಡುತ್ತಾನೆ, ಫಾಂಟ್ ಆರಿಸುತ್ತಾನೆ, ಅಕ್ಷರ ಹಿಗ್ಗಿಸಿದರೆ ಬೈಯುತ್ತಾನೆ. ಹಾಗೆ ಬೈಸಿಕೊಂಡು ಕೆಲಸ ಮಾಡುವುದು ನನಗಿಷ್ಟ. ಉಳಿದ ಫ್ಲೆಕ್ಸುಗಳ ಆರ್ಡರನ್ನು ದಯವಿಟ್ಟು ಅಕ್ಟೋಬರ್ 20ರ ಒಳಗೆ ಕಳಿಸಿ, ಫೋಟೋ ಹತ್ತು ಮೀರದಿರಲಿ.

ಇಂತಿ ನಿಮ್ಮ,
ಬಸ್ ನಿಲ್ದಾಣದ ಎದುರಿನ ಫ್ಲೆಕ್ಸ್ ಅಂಗಡಿಯ ಡಿಸೈನರ್